ಸದ್ದಿಲ್ಲದ ಶೆಡ್ಡು

ನನಗೆ ಪಿಸುಮಾತು ಬರುವುದಿಲ್ಲ. ಬನಹಟ್ಟಿಯಲ್ಲಿ, ಮಗ್ಗಗಳ ಖಟಖಟದ ನಡುವೆ ಬೆಳೆದವಳಿಗೆ ಅದನ್ನು ಕಲಿಸುವವರಾದರೂ ಯಾರು? ನಾನು ಗುಟ್ಟು ಹೇಳಿದರೆ ಪಕ್ಕದೂರು ರಬಕವಿಗೆ ಕೇಳುತ್ತದೆಂದು ಗೆಳತಿಯರ ದೂರು.

ಇಂಥ ನಾನೇ ಒಂದು ಗೋಡೆಯ ಮೇಲೆ ‘ಮೌನವಾಗಿರಿ’ ಎಂದು ದೊಡ್ಡಕ್ಷರದಲ್ಲಿ ಬರೆಸಿದೆ. ಆ ಗೋಡೆ ನನ್ನ ಸೋದರಮಾವನ ಹಳೆಯ ಮಗ್ಗದ ಶೆಡ್ಡಿನದು. ವ್ಯಾಪಾರ ಇಳಿದ ಮೇಲೆ ಮಾಮಾ ಮಗ್ಗಗಳನ್ನೆಲ್ಲ ಮಾರಿ, ಅರ್ಧ ನೇಯ್ದ ಸೀರೆಯಿದ್ದ ಒಂದನ್ನು ಮಾತ್ರ ಮೂಲೆಯಲ್ಲಿ ಉಳಿಸಿಕೊಂಡಿದ್ದರು. ಶೆಡ್ಡು ಕೆಡವಿ ಮಂಗಲ ಕಾರ್ಯಾಲಯ ಕಟ್ಟಲು ಗಿರಾಕಿಯೊಬ್ಬರು ಬೆನ್ನು ಹತ್ತಿದ್ದರು. ನಾವು ನಾಲ್ವರು ಅಡ್ಡ ನಿಂತೆವು. ಸೀರೆಯ ಅಂಚಿಗೆ ನಕ್ಷೆ ಬರೆಯುವ ನಾನು, ಬೋರ್ಡು ಬರೆಯುವ ಪೇಂಟರ್, ಮದುವೆ ಆಲ್ಬಮ್ ಮಾಡುವ ಫೋಟೋಗ್ರಾಫರ್, ಸೆರಗಿಗೆ ಕುಚ್ಚು ಕಟ್ಟುವ ಶಾಂತಕ್ಕ. ಒಂದೇ ಸೂರಿನಡಿ ಕೂತು ಒಬ್ಬರ ಕೆಲಸಕ್ಕೊಬ್ಬರು ಕೈ ಹಚ್ಚಬೇಕೆಂಬ ಹುಚ್ಚು! ಸುಣ್ಣ ಬಳಿಯುವಾಗ ಊಟದ ನೆನಪೂ ಇರಲಿಲ್ಲ.

"ಒಂದ್ ತಿಂಗಳ ನೋಡ್ತೀನಿ. ಕೆಲಸ ನಡದ್ರ ನಿಮ್ಮದು, ಇಲ್ಲಂದ್ರ ಅವ್ರದು," ಎಂದರು ಮಾಮಾ.

ಪೇಪರಿನಲ್ಲಿ ದೊಡ್ಡ ಊರಿನ ಇಂಥದೇ ಜಾಗದ ಚಿತ್ರ ನೋಡಿದ್ದೆ. ಅಲ್ಲಿ ಎಲ್ಲರೂ ತಲೆ ತಗ್ಗಿಸಿ ತಣ್ಣಗೆ ಕೂತಿದ್ದರು. ಅದಕ್ಕೇ ಆ ಮೌನದ ಅಪ್ಪಣೆ. ಪರಿಣಾಮ? ಶಾಂತಕ್ಕನ ಗಂಟುಗಳು ತಪ್ಪಿದವು, ಪೇಂಟರ್ ಆಕಳಿಸಿದ, ನಾನು ಗೆರೆ ಎಳೆಯುತ್ತಲೇ ತೂಕಡಿಸಿದೆ. ಋಷಿಗಳು ಮೌನ ಹುಡುಕಿ ಕಾಡಿಗೆ ಹೋದರೆನ್ನುತ್ತಾರೆ. ನನಗೇನೋ ನಂಬಿಕೆಯಿಲ್ಲ, ಹಕ್ಕಿ, ಹೊಳೆ, ಜೀರುಂಡೆಗಳ ಗದ್ದಲ ಅಲ್ಲೇನು ಕಡಿಮೆಯೇ? ಹುಟ್ಟಿದಾಗಿನಿಂದ ಕೇಳಿದ ಸದ್ದು ನಿಂತರೆ ಮನಸ್ಸು ಒಂದು ಕಡೆ ಕೂರುವುದೇ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮನೆಯಲ್ಲೇ ಕೆಲಸ ಮಾಡತೊಡಗಿದರು. ಶೆಡ್ಡು ಕೈತಪ್ಪಿತೆಂದು ನನಗೆ ಅಳುವೇ ಬಂತು.

ಕೊನೆಯ ದಿನ ನಾವು ಸಾಮಾನು ಕಟ್ಟುತ್ತಿದ್ದಾಗ ಮಾಮಾ ಗಿರಾಕಿಯನ್ನು ಕರೆತಂದರು. "ತಡೀರಿ, ಈ ಸೀರಿ ಒಂದ್ ಮುಗಿಸಿಬಿಡ್ತೀನಿ," ಎಂದು ಮಗ್ಗದ ಸ್ವಿಚ್ ಒತ್ತಿದರು. ಖಟಖಟ, ಖಟಖಟ! ಶಾಂತಕ್ಕನ ಬೆರಳುಗಳು ತಾವಾಗಿಯೇ ಕುಚ್ಚು ಹಿಡಿದವು. ಪೇಂಟರ್ ಕಟ್ಟಿಟ್ಟ ಕುಂಚ ಬಿಚ್ಚಿದ. ನನ್ನ ಹಾಳೆಯ ಮೇಲೆ ಹೂಬಳ್ಳಿಯೊಂದು ಸರಸರ ಓಡಿತು. ಎಂಥ ಖುಷಿ ಅಂತೀರಿ! ನೂಲು ಹರಿದು ಮಗ್ಗ ನಿಂತದ್ದೇ ತಡ, ಶಾಂತಕ್ಕ ಕೂಗಿದಳು: "ಬಂದ್ ಮಾಡಬ್ಯಾಡ್ರೀ ಕಾಕಾ, ಈಗಷ್ಟ ಕೈ ಓಡಾಕತ್ತಾವು!"

ಮಾಮಾ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ನೂಲಿಗೆ ಗಂಟು ಹಾಕಿ ಮತ್ತೆ ಶುರು ಮಾಡಿದರು. ಗಿರಾಕಿ ಅವರೆದುರು ನಿಂತು, "ಮತ್ತ ಜಾಗಾದ್ದ ಹೆಂಗ್ರೀ?" ಎಂದು ಮೂರು ಸಲ ಕೂಗಿದರು. ಮಗ್ಗದ ಸದ್ದಿನಲ್ಲಿ ತುಟಿ ನೋಡಿಯೇ ಮಾತು ಹಿಡಿಯುತ್ತ ಆಯುಷ್ಯ ಕಳೆದ ಮಾಮಾ, ಕಿವಿಗೆ ಕೈ ಹಚ್ಚಿ, ಏನೂ ಕೇಳಿಸುತ್ತಿಲ್ಲವೆಂದು ತಲೆ ಅಲ್ಲಾಡಿಸಿದರು.