ತಿಗಣೆ ಪಂಪಿನ ಖಂಡೇಪೂಜೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ತಿಗಣೆ ಎಣ್ಣೆಯ ಪಂಪನ್ನು. ಅದು ಒಲೆಯ ಹತ್ತಿರವೋ ಕಂದೀಲಿನ ಪಕ್ಕವೋ ಕಂಡರೆ, ಯಾರನ್ನೂ ಕೇಳದೆ ಎದ್ದು ಹೊರಗಿಟ್ಟು ಬಂದೇ ಚಹಾ ಮುಟ್ಟುತ್ತೇನೆ. "ಮಾಸ್ತರಗ ತಲಿ ಕೆಟ್ಟೈತಿ" ಅನ್ನುತ್ತಾರೆ. ಅನ್ನಲಿ. ಈ ಹುಚ್ಚು ಬಿಡುವವನು ನಾನಲ್ಲ. ಒಂದು ಹುಬ್ಬನ್ನೂ ಅರ್ಧ ಮೀಸೆಯನ್ನೂ ಕೊಟ್ಟು ಕೊಂಡ ಹುಚ್ಚು ಇದು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಣ್ಣ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಾನೆ, ನಾನು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತೇನೆ. ಮನೆಯ ನಿಜವಾದ ವಾರಸುದಾರರು ಮಾತ್ರ ತಿಗಣೆಗಳು. ಬ್ರಿಟಿಷರು ಹೋದರು, ಇವು ಹೋಗಲಿಲ್ಲ. ಅದಕ್ಕೇ ಏಕೀಕರಣದ ವರ್ಷ ಗದಗಿನ ಪೇಟೆಯಿಂದ ಆ ಪಂಪು ತಂದೆ. ತಗಡಿನ ನಳಿಗೆ, ತುದಿಗೊಂದು ಡಬ್ಬಿ. ಹಿಡಿಕೆ ಒತ್ತಿದರೆ ಸೀಮೆಎಣ್ಣೆಯ ವಾಸನೆಯ ಔಷಧ ಮಂಜಿನಂತೆ ಹಾರುತ್ತಿತ್ತು.

ನಮ್ಮಲ್ಲಿ ಹೊಸದೇನು ಬಂದರೂ ಮೊದಲು ದೇವರ ಜಗಲಿ ಏರಬೇಕು. ಪಂಪೂ ಏರಿತು, ನಂದಾದೀಪದ ಮಗ್ಗುಲಿಗೆ. ಬೆಳ್ಳಟ್ಟಿಯ ಒಕ್ಕಲು ಮನೆಯ ಮಗಳಾದ ನನ್ನ ಹೆಂಡತಿ ಗಿರಿಜಾ ಮೂಗು ಮುಚ್ಚಿಕೊಂಡು ಹೇಳಿದಳು: "ನಮ್ಮಪ್ಪ ಎಂದಾದ್ರೂ ಹುಲ್ಲಿನ ಬಣವಿ ಒಲಿ ಮಗ್ಗಲಕ ಒಟ್ಯಾನೇನ್ರಿ? ಅದನ್ನ ಹೊರಗ ಇಡ್ರಿ."

ನನಗೋ ಆಗ ಒಗ್ಗಟ್ಟಿನ ಹುರುಪು. ಬೀದರದಿಂದ ಕೊಡಗಿನವರೆಗೆ ಕನ್ನಡಿಗರೆಲ್ಲ ಒಂದೇ ಸೂರಿನಡಿ ಬರುವಾಗ, ದೀಪವೂ ಪಂಪೂ ಒಂದೇ ಜಗಲಿಯಲ್ಲಿ ಬಾಳಲಾರವೆ? ಹೀಗೆಂದು ಭಾಷಣ ಮಾಡಿ ಅವಳ ಬಾಯಿ ಮುಚ್ಚಿಸಿದೆ. ಭಾಷಣಕ್ಕೆ ನಾನು ಎಂದೂ ಕಡಿಮೆ ಬಿದ್ದವನಲ್ಲ.

ಮಹಾನವಮಿ ಬಂತು. ಖಂಡೇಪೂಜೆಗೆ, ಅಂದರೆ ಆಯುಧಗಳ ಪೂಜೆಗೆ, ಲಾಳಿ, ಕತ್ತರಿ, ನನ್ನ ಪೆನ್ನು, ಜೊತೆಗೆ ಕುಂಕುಮ ಹಚ್ಚಿಸಿಕೊಂಡ ಪಂಪು. ಎದುರಿಗೆ ಮಗ್ಗದ ಮೇಲೆ ತಂಗಿ ಶಾಂತಾಳ ಮದುವೆಯ ಸೀರೆ, ಇನ್ನು ಸೆರಗೊಂದೇ ಬಾಕಿ. ಆರತಿಯಾಗುವಾಗ ಆಯುಧವನ್ನು ಒಮ್ಮೆ ಆಡಿಸುವುದು ನಮ್ಮ ಮನೆಯ ರೂಢಿ. ಅವ್ವ ಕರ್ಪೂರ ಹಚ್ಚಿದಳು. ಅಣ್ಣ ಲಾಳಿ ಆಡಿಸಿದ. ನಾನೇನು ಕಡಿಮೆ? ಪಂಪು ಎತ್ತಿ ಹಿಡಿಕೆ ಒತ್ತಿದೆ.

ಅಗ್ನಿಗೆ ಹಿರಿಯರು ಸರ್ವಭಕ್ಷಕನೆಂದು ಹೆಸರಿಟ್ಟಿದ್ದಾರೆ. ಕಟ್ಟಿಗೆಯಾದರೆ ಅವನು ಕಡಿದು ಕಡಿದು ತಿನ್ನಬೇಕು. ತುಂತುರಿಗೆ ಹಲ್ಲೇ ಬೇಡ, ಒಂದೇ ತುತ್ತು. ಇದೆಲ್ಲ ಆಮೇಲೆ ಹೊಳೆದ ವೇದಾಂತ. ಆ ಕ್ಷಣ ಕಂಡದ್ದು ಮಾರುದ್ದದ ಬೆಂಕಿಯ ನಾಲಿಗೆ. ನನ್ನ ಒಂದು ಹುಬ್ಬೂ ಅರ್ಧ ಮೀಸೆಯೂ ಚುರ್ ಎಂದವು. ಪಂಪು ಕೈಜಾರಿ ಬಿತ್ತು, ಚೆಲ್ಲಿದ ಎಣ್ಣೆಯ ಮೇಲೆ ಉರಿ ಮಗ್ಗದತ್ತ ಓಡಿತು. "ಅಯ್ಯಯ್ಯೋ, ನನ್ನ ಸೀರಿ!" ಎಂದು ಶಾಂತಾ ಚೀರಿದಳು. ಆ ಚೀರು ಈಗಲೂ ನನ್ನ ಕಿವಿಯಲ್ಲಿದೆ. ನಾನು ಕಂಬದಂತೆ ನಿಂತಿದ್ದೆ. ಗಿರಿಜಾ ಮಾತ್ರ ಅಣ್ಣನ ಕರಿ ಕಂಬಳಿ ಎಳೆದು ಉರಿಯ ಮೇಲೆ ಒಗೆದು, ಒತ್ತಿ ಹಿಡಿದು ಕೂತುಬಿಟ್ಟಳು. ಉರಿ ಆರಿತು. ಸೆರಗಿನ ಅಂಚಿನಲ್ಲಿ ಕೆಲವು ಎಳೆ ಮಾತ್ರ ಸುಟ್ಟಿದ್ದವು.

ಅಣ್ಣ ನನ್ನ ಸುಟ್ಟ ಮುಖವನ್ನೂ ಸುಟ್ಟ ಎಳೆಗಳನ್ನೂ ನೋಡಿ, "ಇಲಿ ಐತೆಂತ ಮನಿಗೆ ಬೆಂಕಿ ಹಚ್ಚಿದ್ನಂತ, ಅಂಥಾ ಶಾಣ್ಯಾ ನೀನು" ಎಂದ. ಎಳೆಗೆ ಎಳೆ ಗಂಟು ಹಾಕಿ ಸೀರೆ ಮುಗಿಸಿದ. ಅದನ್ನೇ ಉಟ್ಟು ಶಾಂತಾ ಹಸೆಗೆ ಕೂತಳು. ಅಕ್ಷತೆ ಹಾಕುವಾಗ ನಾನು ಅವಳ ಮುಖ ನೋಡಲಿಲ್ಲ, ಆ ಗಂಟುಗಳನ್ನೇ ಹುಡುಕುತ್ತಿದ್ದೆ. ನಾಚಿಕೆಯಿಂದ ಕಣ್ಣು ತುಂಬಿತ್ತು.

ಉರಿ ಆರಿದ ದಿನವೇ ಹಿತ್ತಲಿನ ಗೋಡೆಗೆ, ಬಿಸಿಲು ತಾಗದ ಕಡೆ, ನಾನೇ ಒಂದು ಹಲಗೆ ಬಡಿದೆ. ಪಂಪಿನ ಜಾಗ ಅದು. ಹೊಡೆಯುವ ಮುಂಚೆ ಒಲೆ, ದೀಪ, ಬೀಡಿ ಎಲ್ಲ ಆರಬೇಕು, ಕಿಟಕಿ ತೆರೆದಿರಬೇಕು. ಬೀಗರು ಬಂದರೂ, ದೇವರೇ ಬಂದರೂ ಈ ಕಾಯಿದೆ ಸಡಿಲುವುದಿಲ್ಲ.

ಮರುವರ್ಷದ ಖಂಡೇಪೂಜೆಗೆ ಅವ್ವ ಆ ಸುಟ್ಟ ಕಂಬಳಿಯನ್ನು ಮಡಿಸಿ ಜಗಲಿಯ ಮೇಲಿಟ್ಟು ಆರತಿ ಎತ್ತಿದಳು. ನಾನು ಮೆಲ್ಲಗೆ, "ಪಂಪಿಗೆ ಪೂಜಿ ಇಲ್ಲೇನವ್ವಾ?" ಎಂದೆ. ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ಒಂದು ಚೆಂಡುಹೂ ಕೈಗಿತ್ತು ಹಿತ್ತಲ ಕಡೆ ಬೆರಳು ತೋರಿಸಿದಳು.

"ಹೂವಷ್ಟ ಏರಿಸಿ ಬಾ, ದೀಪ ಒಯ್ಯಬ್ಯಾಡ. ಸಿಟ್ಟಿನ ದೇವರಿಗೆ ಗುಡಿ ಊರ ಹೊರಗ ಇರಬೇಕಲೇ."