ನಳಿಗೆಯ ಬಾಯಿ ನೋಡಿದ ದುರ್ಬೀನಕ್ಕ

ದುರ್ಬೀನಕ್ಕ ನಮ್ಮ ಕಾರ್ಖಾನೆಗೆ ಬಂದದ್ದು ಎಣ್ಣೆ ಒರೆಸುವ ಕೆಲಸಕ್ಕೆ. ಆಗ ಅವಳಿಗೆ ಆ ಹೆಸರಿರಲಿಲ್ಲ.

ಬಸ್ ಡಿಪೋದ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ ನಾವು ನಲವತ್ತು ಜನ ಒಂದೇ ಒಂದು ಸಾಮಾನು ತಯಾರಿಸುತ್ತಿದ್ದೆವು. ಗುರಿ ಹೊಡೆಯುವ ಸ್ಪರ್ಧೆಯ ಸಣ್ಣ ರೈಫಲ್. ಕೈಯಿಂದ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಹಿಂದಕ್ಕೆಳೆದು, ಒಂದೊಂದೇ ತೋಟಾ ಇಟ್ಟು, ಬೋಲ್ಟ್ ತಳ್ಳಿ ಹೊಡೆಯುವಂಥದ್ದು. ತೋಟಾ ಕಿರುಬೆರಳಿಗಿಂತ ಚಿಕ್ಕದು. ಬೋಲ್ಟಿನೊಳಗಿನ ಸೂಜಿ ತೋಟಾದ ನಡುವಿಗೆ ಬಡಿಯುವುದಿಲ್ಲ, ಅಂಚಿಗೆ ಬಡಿಯುತ್ತದೆ. ಅದಕ್ಕೇ ರಿಮ್‌ಫೈರ್ ಎಂದು ಹೆಸರು. ಸದ್ದು ಕೇಳಿದರೆ ಯಾರೋ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಬೀಳಿಸಿದಂತಿರುತ್ತದೆ, ಅಷ್ಟೆ. ಆದರೆ ಐವತ್ತು ಮೀಟರ್ ಆಚೆಯ ಕಾಗದದಲ್ಲಿ ಐದು ಗುಂಡುಗಳೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗಬೇಕು. ಹೋಗದಿದ್ದರೆ ಅದು ರೈಫಲ್ ಅಲ್ಲ, ಹಿಡಿ ಇರುವ ಕಬ್ಬಿಣದ ಕೊಳವೆ.

ನಾನು ಬೋಲ್ಟ್ ಕೂರಿಸುವ ಮೇಜಿನಲ್ಲಿದ್ದೆ. ನನ್ನ ಪಕ್ಕದಲ್ಲಿ, ಉತ್ತರದ ಕಿಟಕಿಗೆ ಎದುರಾಗಿ, ನಳಿಗೆ ನೆಟ್ಟಗೆ ಮಾಡುವ ಮೇಸ್ತ್ರಿ ಕೂರುತ್ತಿದ್ದರು. ಕಿಟಕಿಯ ಗಾಜಿನ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಬಳಿದಿತ್ತು. ನಳಿಗೆಯನ್ನು ಕಣ್ಣಿಗೆ ಹಿಡಿದು ಆ ಪಟ್ಟಿಯ ಕಡೆ ತಿರುಗಿಸಿದರೆ ಅದರ ನೆರಳು ನಳಿಗೆಯ ಒಳಗೋಡೆಯ ಮೇಲೆ ದಾರದಂತೆ ಬೀಳುತ್ತದೆ. ದಾರ ನೆಟ್ಟಗಿದ್ದರೆ ನಳಿಗೆ ನೆಟ್ಟಗೆ. ಎಲ್ಲಿ ಕೊಂಕುತ್ತದೋ ಅಲ್ಲಿ ತಾಮ್ರದ ಸುತ್ತಿಗೆಯಿಂದ ಒಂದು ಮೆದು ಏಟು. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದ ಮೇಸ್ತ್ರಿ ಒಂದು ದಿನ ಒಂದು ನಳಿಗೆಯನ್ನು ಪಾಸು ಮಾಡಿ ಒರೆಸಲು ಕೊಟ್ಟರು. ಒರೆಸುವ ಹೆಂಗಸು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಇಣುಕಿ, "ಮೇಸ್ತ್ರಿ, ಒಳಗಿನ ಗೆರೆ ಕೊನೇಲಿ ಸ್ವಲ್ಪ ಸೊಟ್ಟ ಇದ್ಯಲ್ಲ, ಅದು ಹಾಗೇ ಇರ್ಬೇಕಾ?" ಎಂದಳು.

"ಎಲ್ಲಿ?"

"ಇಲ್ಲಿ, ಬಾಯಿಂದ ಒಂದು ಗೇಣು ಒಳಗೆ."

ಮೇಸ್ತ್ರಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೂರನೇ ಸಲ ನೋಡಿ ಸುತ್ತಿಗೆ ಎತ್ತಿಕೊಂಡರು. ಮರುದಿನ ಅವರ ಪಕ್ಕ ಇನ್ನೊಂದು ಸ್ಟೂಲು ಬಂತು. "ಬಾಮ್ಮ, ದುರ್ಬೀನು," ಎಂದು ಅವರೇ ಕರೆದರು. ಹೆಸರು ಅಂಟಿಕೊಂಡಿತು. ಮೇಸ್ತ್ರಿ ನಿವೃತ್ತರಾದ ಮೇಲೆ ಕಿಟಕಿ ಅವಳದಾಯಿತು.

ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಯಾರು ದೊಡ್ಡವರೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಅವಳ ಅತ್ತೆಗೆ ಮಾತ್ರ ಈ ಕೆಲಸದ ತಲೆಬುಡ ತಿಳಿಯುತ್ತಿರಲಿಲ್ಲ. "ಬೆಳಗಿಂದ ಸಂಜೆ ತನಕ ತೂತಲ್ಲಿ ಇಣುಕೋದಕ್ಕೂ ಸಂಬಳ ಕೊಡ್ತಾರಾ? ಪಕ್ಕದ ಮನೆಯವಳು ಬಿಟ್ಟಿಯಾಗೇ ಮಾಡ್ತಾಳಲ್ಲ!" ಎಂದು ಕೇಳುತ್ತಿದ್ದರಂತೆ. ಅವಳ ಗಂಡ ಬಸ್ ಡ್ರೈವರ್, ತಮಾಷೆಯ ಮನುಷ್ಯ. ಮನೆಗೆ ಹೋದವರಿಗೆಲ್ಲ ಹೇಳುತ್ತಿದ್ದ: "ಇವಳು ಮದುವೆಗೆ ಮುಂಚೆನೇ ಈ ಕೆಲಸ ಕಲ್ತಿದ್ರೆ ನಾನು ಪಾಸಾಗ್ತಾನೇ ಇರ್ಲಿಲ್ಲ."

ನಾನೂ ಒಮ್ಮೆ ಫೇಲಾದೆ. ಪೂರ್ತಿ ಜೋಡಿಸಿದ ರೈಫಲೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಅಣ್ಣ, ನಿಮ್ಮ ಬೋಲ್ಟ್ ಎಡಗಡೆ ಉಜ್ಜುತ್ತೆ," ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳದು ನಳಿಗೆಯ ಕೆಲಸ, ನನ್ನ ಬೋಲ್ಟಿನ ಉಸಾಬರಿ ಅವಳಿಗೇಕೆ? ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಯಾರೂ ನೋಡದಾಗ ಬೋಲ್ಟ್ ಬಿಚ್ಚಿ ನೋಡಿದರೆ ಎಡಭಾಗದಲ್ಲಿ ಉಗುರಿನಷ್ಟು ಜಾಗ ಹೊಳೆಯುತ್ತಿತ್ತು. ಉಜ್ಜಿ ಸರಿ ಮಾಡಿದೆ. ತೋಟಾ ಪ್ರತಿ ಸಲವೂ ಒಂದೇ ರೀತಿ, ಒಂದೇ ಬಿಗಿಯಲ್ಲಿ ಕೂರಬೇಕು; ಒಂದು ಸಲ ಹೀಗೆ ಒಂದು ಸಲ ಹಾಗೆ ಕೂತರೆ ಗುಂಡೂ ಹಾಗೆಯೇ ಹೋಗುತ್ತದೆ. ಇದು ನನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಕಷ್ಟ.

ಹೀಗೆ ಹತ್ತೊಂಬತ್ತು ವರ್ಷ. ಆಮೇಲೆ ಹೊಸ ಮ್ಯಾನೇಜರ್ ಬಂದರು, ಅವರ ಹಿಂದೆಯೇ ಅಳೆಯುವ ಯಂತ್ರವೂ ಬಂತು. ನಳಿಗೆಯನ್ನು ಮಲಗಿಸಿ ಗುಂಡಿ ಒತ್ತಿದರೆ ಎಲ್ಲಿ ಎಷ್ಟು ಬಾಗಿದೆ ಎಂದು ಪರದೆಯ ಮೇಲೆ ಅಂಕಿ ಬರುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಇಂಜಿನಿಯರ್. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ, ಅದು ಮೊದಲ ವಾರದಲ್ಲೇ ಗೊತ್ತಾಯಿತು. ದುರ್ಬೀನಕ್ಕ ಹೇಳಿದ್ದನ್ನೇ ಅದೂ ಹೇಳುತ್ತಿತ್ತು, ನಾಲ್ಕು ಪಟ್ಟು ಬೇಗ. ಮ್ಯಾನೇಜರ್ ದುರ್ಬೀನಕ್ಕನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು.

"ಬೇಜಾರಾಯ್ತಾ ಅಕ್ಕ?" ಎಂದು ಕೇಳಿದೆ.

"ಕಣ್ಣಿಗೆ ರಜ ಸಿಕ್ತು ಬಿಡಿ," ಎಂದಳು. ಮುಖ ಮಾತ್ರ ರಜದ ಮುಖವಾಗಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಶೂಟಿಂಗ್ ತರಬೇತಿ ಶಾಲೆಗೆ ಅರವತ್ತು ರೈಫಲ್ ಕಳಿಸಿದೆವು. ನಮ್ಮ ಕಾರ್ಖಾನೆ ಕಂಡ ದೊಡ್ಡ ಆರ್ಡರ್ ಅದು. ಅವಸರದಲ್ಲಿ, ಯಂತ್ರ ಪಾಸು ಮಾಡಿದೆಯಲ್ಲ ಎಂದು, ಒಂದನ್ನೂ ಹೊಡೆದು ನೋಡಿರಲಿಲ್ಲ. ಮೂರನೇ ವಾರಕ್ಕೆ ಅರವತ್ತೂ ವಾಪಸ್ ಬಂದವು. ಜೊತೆಗೆ ತರಬೇತುದಾರರ ಎರಡು ಸಾಲಿನ ಪತ್ರ: "ಗುಂಡುಗಳು ಚದುರುತ್ತಿವೆ. ಹತ್ತು ದಿನದೊಳಗೆ ಸರಿಪಡಿಸದಿದ್ದರೆ ಬೇರೆ ಕಡೆ ಕೊಳ್ಳುತ್ತೇವೆ."

ನೆಲಮಾಳಿಗೆಯಲ್ಲಿ ನಮ್ಮದೊಂದು ಐವತ್ತು ಮೀಟರ್ ಉದ್ದದ ಪರೀಕ್ಷಾ ಸುರಂಗವಿದೆ. ರೈಫಲನ್ನು ಅಲ್ಲಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದು ಹೊಡೆದರೆ ಕೈ ನಡುಗಿತು, ಉಸಿರು ತಪ್ಪಿತು ಎನ್ನುವ ನೆಪಗಳಿಗೆ ಜಾಗವಿಲ್ಲ. ವಾಪಸ್ ಬಂದವುಗಳಲ್ಲಿ ಹತ್ತನ್ನು ಒಂದೊಂದಾಗಿ ಹೊಡೆದೆವು. ಹತ್ತರಲ್ಲಿ ಒಂಬತ್ತು ರೈಫಲ್ಲುಗಳ ಐದು ಗುಂಡುಗಳು ಚೆಲ್ಲಿದ ಕಾಳಿನಂತೆ ಬಿದ್ದವು. ಯಂತ್ರ ಎಲ್ಲ ನಳಿಗೆಗಳೂ ನೆಟ್ಟಗಿವೆ ಎಂದಿತು. ಮೂರು ಬಗೆಯ ತೋಟಾ ಬದಲಾಯಿಸಿದೆವು. ಮರದ ಹಿಡಿ ನಳಿಗೆಯನ್ನು ಒತ್ತುತ್ತಿರಬಹುದೆಂದು ನಡುವೆ ಕಾಗದದ ಚೂರು ಎಳೆದು ನೋಡಿದೆವು; ಕಾಗದ ಸಲೀಸಾಗಿ ಜಾರಿತು. ಕೊನೆಗೆ ಎಲ್ಲರ ಕಣ್ಣೂ ನನ್ನ ಬೋಲ್ಟುಗಳ ಮೇಲೆ ಬಿತ್ತು. ಎರಡು ದಿನ ಒಂದೊಂದನ್ನೂ ಬಿಚ್ಚಿ ಅಳೆದರು. ನಾನು ಊಟ ಸೇರದೆ ಕೂತಿದ್ದೆ. ತಪ್ಪು ಸಿಗಲಿಲ್ಲ. ಐದು ದಿನ ಕಳೆದೇ ಹೋಯಿತು.

ಆರನೇ ದಿನ ಬೆಳಗ್ಗೆ ನಾನು ನೇರ ಪ್ಯಾಕಿಂಗ್ ಕೋಣೆಗೆ ಹೋದೆ. ಅವಳು ರಟ್ಟಿನ ಪೆಟ್ಟಿಗೆಗೆ ಅಂಟುಪಟ್ಟಿ ಹಚ್ಚುತ್ತಿದ್ದಳು.

"ಅಕ್ಕ, ಒಂದ್ಸಲ ಬಂದು ನೋಡಿ."

"ನನ್ನನ್ನ ಯಾರು ಕರೆದ್ರು?"

"ನಾನೇ ಕರೀತಿದ್ದೀನಲ್ಲ!"

ಅಂಟುಪಟ್ಟಿಯನ್ನು ಹಲ್ಲಲ್ಲಿ ಹರಿದು ಎದ್ದು ಬಂದಳು. ಸುರಂಗದ ಬಳಿ ಇಂಜಿನಿಯರ್ ಹುಡುಗಿ, ಮ್ಯಾನೇಜರ್ ಇಬ್ಬರೂ ಇದ್ದರು. ಹುಡುಗಿ ಒಂದು ರೈಫಲ್ ಎತ್ತಿಕೊಂಡು ನಳಿಗೆ ಒರೆಸಲು ಹೋದಳು.

"ಬೇಡಮ್ಮ, ಒರೆಸ್ಬೇಡ. ಹೊಡೆದದ್ದನ್ನ ಹೊಡೆದ ಹಾಗೇ ಕೊಡು."

ದುರ್ಬೀನಕ್ಕ ಈ ಸಲ ನಳಿಗೆಯ ಒಳಗೆ ನೋಡಲೇ ಇಲ್ಲ. ಗುಂಡು ಹೊರಬೀಳುವ ತುದಿಯನ್ನು, ಅಂದರೆ ನಳಿಗೆಯ ಬಾಯನ್ನು, ದೀಪಕ್ಕೆ ತಿರುಗಿಸಿ ನೋಡಿದಳು. ನಂತರ ಬೇರೊಂದು. ಮತ್ತೊಂದು. ಚೆನ್ನಾಗಿ ಹೊಡೆದಿದ್ದ ಒಂದೇ ಒಂದು ರೈಫಲನ್ನು ಕೇಳಿ ತರಿಸಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟಳು.

"ನೋಡಿ. ಒಳಗೆ ಗುಂಡನ್ನ ತಿರುಗಿಸೋಕೆ ಕೊರೆದ ಆರು ಗೀರು. ಹೊಗೆ ಆರು ಕಡೆಯಿಂದ್ಲೂ ಸಮನಾಗಿ ಬಂದ್ರೆ ಮಸಿ ಹೂವಿನ ಹಾಗೆ ಕೂರುತ್ತೆ, ಆರು ಎಸಳು. ಇದರಲ್ಲಿ ಹಾಗಿದೆ. ಅದರಲ್ಲಿ ನೋಡಿ, ಈ ಕಡೆ ಮೂರು ದಪ್ಪ, ಆ ಕಡೆ ಎಸಳೇ ಇಲ್ಲ."

ಕಿಸೆಯಿಂದ ಚಿಟಿಕೆ ಹತ್ತಿ ತೆಗೆದು ನಳಿಗೆಯ ಬಾಯಿಯಂಚಿನ ಸುತ್ತ ಆಡಿಸಿದಳು. ಒಂದು ಕಡೆ ಹತ್ತಿಯ ಎಳೆಗಳು ಸಿಕ್ಕಿಕೊಂಡು ನಿಂತವು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿತ್ತು ಅಲ್ಲಿ.

"ಮನೆ ನೆಟ್ಟಗಿದೆ, ಹೊಸ್ತಿಲು ಸೊಟ್ಟಗಿದೆ. ಗುಂಡು ಹೊರಗೆ ಕಾಲಿಡೋವಾಗ ಹೊಗೆ ಒಂದು ಕಡೆಯಿಂದ ಮೊದಲು ನುಗ್ಗಿ ಅದರ ಹಿಂಭಾಗಕ್ಕೆ ತಳ್ಳುತ್ತೆ. ಪಾಪ, ಗುಂಡೇನು ಮಾಡುತ್ತೆ?"

ಇಂಜಿನಿಯರ್ ಹುಡುಗಿ ಹಣೆ ಚಚ್ಚಿಕೊಂಡಳು. ಯಂತ್ರ ಅಳೆಯುತ್ತಿದ್ದದ್ದು ಎರಡು ತುದಿಗಳ ನಡುವೆ ಮಾತ್ರ, ತುದಿಯನ್ನಲ್ಲ. ಅವಳೇ ಓಡಿಹೋಗಿ ಬಾಯಿ ಕೊರೆಯುವ ಉಪಕರಣವನ್ನು ಬಿಚ್ಚಿಸಿ ತಂದಳು. ಅದನ್ನು ತೂತಿನ ನಟ್ಟನಡುವೆ ಹಿಡಿದಿಡುವ ಕಡ್ಡಿ ಸವೆದು ಅಲ್ಲಾಡುತ್ತಿತ್ತು. ಆರು ತಿಂಗಳಿಂದ ಯಾರೂ ಅದನ್ನು ಕೈಲಿ ಹಿಡಿದು ನೋಡಿರಲಿಲ್ಲ.

ಮ್ಯಾನೇಜರ್ ಗಲ್ಲ ಕೆರೆದುಕೊಂಡರು. "ಇಷ್ಟು ಸಣ್ಣದಕ್ಕೆ ಅಷ್ಟು ಚದುರುತ್ತಾ?"

"ಮಾತು ಯಾಕೆ ಸಾರ್, ಒಂದನ್ನ ಮಾಡಿ ತೋರಿಸ್ತೀನಿ."

ದುಂಡು ತಲೆಯ ಹಿತ್ತಾಳೆ ತಿರುಪು ಒಂದನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ, ಅದರ ತಲೆಗೆ ಉಜ್ಜುವ ಹಿಟ್ಟು ಸವರಿ, ನಳಿಗೆಯ ಬಾಯಿಗೆ ಇಟ್ಟು ಮೆಲ್ಲಗೆ ತಿರುಗಿಸತೊಡಗಿದಳು. ಕೈಯನ್ನು ವೃತ್ತದಲ್ಲಿ ಆಡಿಸುತ್ತಲೇ ಇದ್ದಳು. ಮೇಸ್ತ್ರಿ ಹಾಗೆ ಮಾಡುವುದನ್ನು ನಾನು ಎಷ್ಟೋ ವರ್ಷಗಳ ಹಿಂದೆ ನೋಡಿದ್ದೆ. ಕಾಲು ಗಂಟೆಯ ಹೊತ್ತಿಗೆ ಅಂಚಿನಲ್ಲಿ ತೆಳ್ಳಗೆ, ಎಲ್ಲ ಕಡೆ ಒಂದೇ ಅಗಲದ ಬೆಳ್ಳಿ ಉಂಗುರ ಮೂಡಿತು. ಹತ್ತಿ ಆಡಿಸಿದಳು. ಒಂದೆಳೆಯೂ ನಿಲ್ಲಲಿಲ್ಲ.

ರೈಫಲನ್ನು ಇಕ್ಕಳಕ್ಕೆ ಬಿಗಿದೆವು. ಅದೇ ತೋಟಾ, ಅದೇ ಬೋಲ್ಟ್. ಐದು ಗುಂಡು. ಕಾಗದ ತಂತಿಯ ಮೇಲೆ ಜಾರಿಕೊಂಡು ಬಂತು. ಒಂದೇ ತೂತು, ಅಂಚು ಸ್ವಲ್ಪ ಹರಿದದ್ದು. ಮ್ಯಾನೇಜರ್ ತಮ್ಮ ಅಂಗಿಯ ತೋಳಿನ ಗುಂಡಿಯನ್ನು ಅದರ ಮೇಲಿಟ್ಟರು. ತೂತು ಪೂರ್ತಿ ಮುಚ್ಚಿಹೋಯಿತು. ನಾನು ಕೂಗಿದ ಕೂಗು ಮೇಲಿನ ಅಂತಸ್ತಿಗೆ ಕೇಳಿಸಿತಂತೆ. ಬೆಂಕಿ ಬಿತ್ತೆಂದು ಇಬ್ಬರು ಬಕೆಟ್ ಹಿಡಿದು ಓಡಿ ಬಂದರು.

ಉಳಿದ ದಿನಗಳಲ್ಲಿ ಅವಳೂ ಇಂಜಿನಿಯರ್ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತು ಒಂದೊಂದೇ ಬಾಯನ್ನು ಸರಿಮಾಡಿದರು. ಹುಡುಗಿ ಮೊದಲ ದಿನ ಎಸಳು ಎಣಿಸಲು ಭೂತಗನ್ನಡಿ ಹಿಡಿದಿದ್ದಳು, ಮೂರನೇ ದಿನ ಅದನ್ನು ಬದಿಗಿಟ್ಟಳು. ಅರವತ್ತನ್ನೂ ಹೊಡೆದು ನೋಡಿದೆವು, ಈ ಸಲ ಒಂದನ್ನೂ ಬಿಡದೆ.

ಹತ್ತನೇ ದಿನ ತರಬೇತುದಾರರು ಬಂದರು. ಗಿಡ್ಡ ಕೂದಲಿನ, ನಗದ ಹೆಂಗಸು. ನಾವು ಆರಿಸಿಟ್ಟಿದ್ದನ್ನು ಮುಟ್ಟದೆ ರಾಶಿಯ ಅಡಿಯಿಂದ ಮೂರನ್ನು ಎಳೆದುಕೊಂಡರು. ಮಲಗಿ, ತಾವೇ ಹೊಡೆದರು. ಮೂರು ಕಾಗದಗಳನ್ನೂ ಬೆಳಕಿಗೆ ಹಿಡಿದು ನೋಡಿ, "ಇದನ್ನ ಸರಿ ಮಾಡಿದ್ದು ಯಾರು?" ಎಂದರು.

ಮ್ಯಾನೇಜರ್ ದುರ್ಬೀನಕ್ಕನ ಕಡೆ ಕೈ ತೋರಿಸಿದರು. ಆ ಕ್ಷಣಕ್ಕೆ ನಾನು ಅವರ ಹಳೆಯ ತಪ್ಪನ್ನೆಲ್ಲ ಮನ್ನಿಸಿಬಿಟ್ಟೆ.

"ನೀವು ಹೊಡೀತೀರಾ?"

"ಇಲ್ಲಮ್ಮ. ಹತ್ತೊಂಬತ್ತು ವರ್ಷದಿಂದ ಒಳಗೆ ನೋಡಿದ್ದೇ ಬಂತು, ಒಂದೂ ಹೊಡೆದಿಲ್ಲ."

"ಬನ್ನಿ, ಮಲಗಿ."

ಚಾಪೆಯ ಮೇಲೆ ಮಲಗಿಸಿ, ಮೊಣಕೈ ಎಲ್ಲಿಡಬೇಕು, ಉಸಿರು ಎಲ್ಲಿ ನಿಲ್ಲಿಸಬೇಕು, ಬೆರಳನ್ನು ಹೇಗೆ ಒತ್ತಬೇಕು ಎಂದು ಹೇಳಿಕೊಟ್ಟರು. ದುರ್ಬೀನಕ್ಕ ಬೋಲ್ಟ್ ತಳ್ಳಿದಳು. ನನ್ನ ಬೋಲ್ಟು, ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಯಿತು. ಐದು ಗುಂಡು ಹೊಡೆಯಲು ಹತ್ತು ನಿಮಿಷ ತೆಗೆದುಕೊಂಡಳು. ಕಾಗದ ಬಂದಾಗ ನಡುವಿನ ಕಪ್ಪು ವೃತ್ತ ಮುಟ್ಟದೆ ಹಾಗೇ ಇತ್ತು. ಅವಳ ಮುಖ ಇಳಿಯಿತು.

"ತಪ್ಪೋಯ್ತು."

"ತಪ್ಪಿದೆ," ಎಂದರು ತರಬೇತುದಾರರು, ಕಾಗದದ ಎಡ ಮೂಲೆಗೆ ಬೆರಳಿಟ್ಟು. ಅಲ್ಲಿ ಐದೂ ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಾಗಿ ಕೂತಿದ್ದವು. "ಆದ್ರೆ ಐದೂ ಒಂದೇ ಕಡೆ ತಪ್ಪಿವೆ. ರೈಫಲ್ ಮೇಲಿನ ಗುರಿಗಣ್ಣು ತಿರುಗಿಸಿ ಸರಿ ಮಾಡೋದು ಒಂದು ನಿಮಿಷದ ಕೆಲಸ. ಚದುರೋ ರೈಫಲ್ ಆಗಿದ್ರೆ ಏನು ಮಾಡಿದ್ರೂ ಆಗ್ತಿರ್ಲಿಲ್ಲ. ಮೊದಲನೇ ಸಲಕ್ಕೆ ಹೀಗೆ ಹೊಡೆದೋರನ್ನ ನಾನು ನೋಡಿಲ್ಲ."

ಆಗ ಆಕೆ ನಕ್ಕರು. ದುರ್ಬೀನಕ್ಕ ಚಾಪೆಯ ಮೇಲೆ ಮಲಗಿದಲ್ಲೇ ಎರಡೂ ಮುಷ್ಟಿ ಎತ್ತಿದಳು. ಎದ್ದು ನಿಲ್ಲುವುದು ಅವಳಿಗೆ ಮರೆತೇ ಹೋಗಿತ್ತು.

ಅರವತ್ತೂ ರೈಫಲ್ ಹೊರಟವು. ಅಂದಿನಿಂದ ಕೊನೆಯ ಪರೀಕ್ಷೆಯ ಕೋಣೆಯ ಬಾಗಿಲ ಮೇಲೆ ಅವಳ ಹುದ್ದೆಯ ಫಲಕವಿದೆ. ಅವಳು ಸಹಿ ಮಾಡದ ರೈಫಲ್ ಕಟ್ಟಡ ಬಿಟ್ಟು ಹೋಗುವಂತಿಲ್ಲ. ಮುಂದಿನ ವರ್ಷ ಆ ಶಾಲೆಯ ತಂಡ ದೊಡ್ಡ ಸ್ಪರ್ಧೆಯಲ್ಲಿ ಮೊದಲನೆಯದಾಯಿತು. ತರಬೇತುದಾರರು ಫೋನ್ ಮಾಡಿದಾಗ ಮ್ಯಾನೇಜರ್ ಯಂತ್ರಗಳನ್ನೆಲ್ಲ ನಿಲ್ಲಿಸಿ, ಫೋನನ್ನು ಧ್ವನಿವರ್ಧಕದ ಮೈಕಿಗೆ ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಇಬ್ಬರು ಸೇರಿ ಅವಳನ್ನು ಮೇಲಕ್ಕೆತ್ತಲು ನೋಡಿದರು, ಅವಳು ಬೈದು ಬಿಡಿಸಿಕೊಂಡಳು. ಆಮೇಲೆ ಯಂತ್ರಗಳು ಶುರುವಾದವು. ದಿನಕ್ಕೆ ಹನ್ನೆರಡು ರೈಫಲ್ ಮುಗಿಸುವ ನಾವು ಆ ದಿನ ಹದಿನೇಳು ಮುಗಿಸಿದೆವು, ಹದಿನೇಳಕ್ಕೂ ಅವಳು ಸಹಿ ಹಾಕಿದಳು.