ನಾವೆಲ್ಲ ಕಾದಿದ್ದ ಹೂಸು

ನಾನು ಚಿಕ್ಕವನಿದ್ದಾಗ ಒಂದು ದಿನ ಮನೆಮಂದಿಯೆಲ್ಲ ಅಪ್ಪನ ಒಂದು ಹೂಸಿಗಾಗಿ ಕಾದು ಕುಳಿತಿದ್ದೆವು. ನಗಿ ಮಕ್ಕಳೇ, ನಗಿ. ಅವತ್ತು ಮಾತ್ರ ಯಾರಿಗೂ ನಗು ಬಂದಿರಲಿಲ್ಲ.

ಮೈಸೂರು ಮಹಾರಾಜರ ಕಾಲ. ಹೊಸದುರ್ಗದ ಹತ್ತಿರ ಮಾಡದಕೆರೆಯಲ್ಲಿ ನಮ್ಮ ಮನೆ. ರಾಗಿ ಒಕ್ಕಣೆ ನಡೆದಿತ್ತು. ತುಂಬಿದ ಚೀಲವನ್ನು ಒಬ್ಬನೇ ಎತ್ತುತ್ತಿದ್ದ ಅಪ್ಪ ಆ ಬೆಳಿಗ್ಗೆ ಕಣದಲ್ಲೇ ಹೊಟ್ಟೆ ಹಿಡಿದು ಕುಳಿತ. ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ಬಂದಾಗ ಹಲ್ಲು ಕಚ್ಚುತ್ತಿದ್ದ, ಹೋದಾಗ ಬೆವರು ಒರೆಸಿಕೊಳ್ಳುತ್ತಿದ್ದ. ಕುಡಿದ ನೀರೂ ನಿಲ್ಲದೆ ಹಸಿರು ಬಣ್ಣದ ವಾಂತಿಯಾಯಿತು. ಮಧ್ಯಾಹ್ನಕ್ಕೆ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಹೊಟ್ಟೆಯ ಯಾವ ಕಾಯಿಲೆಗೂ ನಮ್ಮಲ್ಲಿ ಹರಳೆಣ್ಣೆಯೇ ಮದ್ದು. ಅವ್ವ ಬಟ್ಟಲು ತುಂಬಿ ತಂದಳು.

ಅಷ್ಟರಲ್ಲಿ ಚಿಕ್ಕಪ್ಪ ಹೊಸದುರ್ಗದಿಂದ ಡಾಕ್ಟರನ್ನು ಗಾಡಿಯಲ್ಲಿ ಕರೆತಂದ. ಅವರು ಮೊದಲು ಆ ಬಟ್ಟಲನ್ನು ದೂರ ಇಡಿಸಿದರು. ಹೊಟ್ಟೆಯನ್ನು ಬೆರಳಿನಿಂದ ಬಡಿದು ನೋಡಿ, ಮರದ ಕೊಳವೆ ಇಟ್ಟು ಕಿವಿಗೊಟ್ಟರು. ನೋವು ಏರಿದಾಗಲೆಲ್ಲ ಒಳಗಿನ ಗುಳುಗುಳು ಸದ್ದೂ ಏರುತ್ತಿತ್ತು.

“ಗಾಳಿ ಏನಾದ್ರೂ ಹೋತೇನ್ರಿ?”

“ಬೆಳಗ್ನಿಂದ ಇಲ್ರಿ,” ಎಂದ ಅಪ್ಪ.

“ಪಂಚೆ ಸಡ್ಲ ಮಾಡ್ರಿ.”

ಅಪ್ಪ ಪಂಚೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. “ಹೊಟ್ಟೆನೋವಿಗೂ ಪಂಚೆಗೂ ಏನ್ರಿ ಸಂಬಂಧ?”

ಡಾಕ್ಟರು ಗದರಲಿಲ್ಲ. ಹೆಂಗಸರನ್ನು ಹೊರಗೆ ಕಳಿಸಿ, ತಾವೇ ಮೆಲ್ಲಗೆ ಸರಿಸಿದರು. ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುತ್ತಿದ್ದ ಅದನ್ನು ಅಪ್ಪ ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಅವತ್ತು ಅದು ಹೋಗಿರಲಿಲ್ಲ.

“ಸಣ್ಣ ಕರುಳು ಇಲ್ಲಿಗೆ ಇಳಿದು ಸಿಕ್ಕಾಕ್ಕೊಂಡೈತೆ. ಮೇಲಿಂದು ಕೆಳಕ್ಕೆ ಹೋಗಾಕೆ ದಾರಿಯಿಲ್ಲ. ಎಣ್ಣೆ ಕುಡಿಸಿದ್ರೆ ಕರುಳೇ ಒಡೀತಿತ್ತು,” ಎಂದರು. ಗಂಟು ಒಳಗೆ ಹೋಗದಿದ್ದರೆ ದೂರದ ದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಕುಯ್ಯಬೇಕು. ಎತ್ತಿನ ಗಾಡಿ ಅಲ್ಲಿಗೆ ಮುಟ್ಟುವ ತನಕ ಅಪ್ಪನ ಜೀವ ತಡೆಯುವ ನಂಬಿಕೆ ಅವರಿಗಿರಲಿಲ್ಲ.

ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಅವಸರವಿಲ್ಲದೆ ಆ ಗಂಟನ್ನು ಬೆರಳುಗಳಿಂದ ಒಳಕ್ಕೆ ಸವರುತ್ತ ಕುಳಿತರು. ಅಂಥ ತಾಳ್ಮೆಯ ಕೈಗಳನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೆ ಗಂಟು ಗುಳುಕ್ಕನೆ ಒಳಗೆ ಸರಿಯಿತು.

“ಗಾಳಿ ಹೋದ್ರೆ ದಾರಿ ಬಿಟ್ಟೈತೆ ಅಂತ ಅರ್ಥ,” ಎಂದು ಅಲ್ಲೇ ಕುಳಿತರು. ನಾವೂ ಉಸಿರು ಬಿಗಿಹಿಡಿದು ಕಾದೆವು. ಹೊತ್ತು ಇಳಿಯುವಾಗ ಬಂತು ನೋಡಿ, ಪಡಸಾಲೆಯವರೆಗೂ ಕೇಳುವ ಹಾಗೆ! ಬಾಗಿಲ ಹಿಂದಿದ್ದ ಅವ್ವ ಕೈಮುಗಿದು ಅತ್ತುಬಿಟ್ಟಳು.

“ಇನ್ನು ಚೀಲ ಎತ್ತಂಗಿಲ್ಲ ನೋಡ್ರಿ. ನನಗೊಂದು ಲೋಟ ಮಜ್ಜಿಗೆ ಕೊಡ್ರಮ್ಮ,” ಎಂದರು ಡಾಕ್ಟರು.

ಈಗ ಎಕ್ಸ್‌ರೇ ಹೊಟ್ಟೆಯ ಒಳಗನ್ನೇ ತೋರಿಸುತ್ತದೆ, ಬಸ್ಸು ಹೊತ್ತು ಏರುವುದರೊಳಗೆ ದುರ್ಗ ಮುಟ್ಟಿಸುತ್ತದೆ. ಯಾರಾದರೂ ಹೂಸಿದರೆ ನೀವು ಮೂಗು ಮುಚ್ಚಿಕೊಂಡು ಓಡುತ್ತೀರಿ. ನನಗೆ ಮಾತ್ರ ಬಾಗಿಲ ಹಿಂದೆ ಕೈಮುಗಿದು ನಿಂತ ಅವ್ವ ನೆನಪಾಗುತ್ತಾಳೆ.